ಕೌದಿಯ ಅತ್ತರು

ಬಂಕಾಪುರ, ೧೭-೧೧-೧೯೩೮, ಗುರುವಾರ ರಾತ್ರಿ

ಆ ಅತ್ತರಿನ ವಾಸನೆ ಎಲ್ಲಿಯದೆಂದು ಇಂದು ಗೊತ್ತಾಯಿತು.

ದಾನವ್ವನ ಸೆರಗಿನಲ್ಲಿ ದಿನಾ ಅದೇ ಘಮ. ಮದುವೆಯಲ್ಲೂ ಅತ್ತರು ಮುಟ್ಟದ ನನ್ನ ಹೆಂಡತಿಗೆ ಈಗ ಯಾರ ಸಲುವಾಗಿ ಈ ಷೋಕಿ? ಸವಣೂರಿನ ಅತ್ತರದವನು ನಾನು ಅಂಗಡಿಯಲ್ಲಿರುವಾಗಲೇ ಓಣಿಗೆ ಬರುತ್ತಾನೆಂದು ಕೇಳಿದ ಮೇಲಂತೂ ಅಂಗಡಿಯಲ್ಲಿ ಕೂರಲಾಗುತ್ತಿರಲಿಲ್ಲ. ಇಂದು ಮಧ್ಯಾಹ್ನವೇ ಅಂಗಡಿ ಮುಚ್ಚಿ, ಕಾಲಿನ ಕೆರ ಕಳಚಿ ಕೈಯಲ್ಲಿ ಹಿಡಿದು, ಹಿತ್ತಲಿನಿಂದ ಬಂದೆ. ನನ್ನ ಮನೆಗೆ ನಾನೇ ಕಳ್ಳನ ಹಾಗೆ.

ಹಾಸಿಗೆ ಹಿಡಿದಿರುವ ಅವ್ವನ ಮೈ ಒರೆಸಿ, ಒದ್ದೆ ಕೌದಿ ತೆಗೆದು, ಬೇರೆ ಹಾಸಿ, ದಾನವ್ವ ಅದಕ್ಕೆ ಅತ್ತರು ಹಚ್ಚುತ್ತಿದ್ದಳು.

"ಇನ್ನೊಂದೀಟು ಹಚ್ಚವಾ. ನನ್ನ ವಾಸನಿ ಮಗಗ ಬಡೀಬಾರದು. ಬಾಜೂಕ ಕುಂದ್ರೂದು ಬಿಟ್ಟಾನು."

"ಅವರಿಗೇನೂ ಗೊತ್ತಾಗಂಗಿಲ್ರಿ, ಅತ್ತಿ."

ನಿಜ, ಗೊತ್ತಾಗಿರಲಿಲ್ಲ. ಅವ್ವನ ಕೋಣೆಯಲ್ಲೂ ಅದೇ ಘಮವಿತ್ತು. ಇವಳು ಓಡಾಡಿದ್ದಕ್ಕೆ ಬಂದಿರಬೇಕು ಎಂದುಕೊಂಡಿದ್ದೆ, ಮೂರ್ಖ!

ಸದ್ದಿಲ್ಲದೆ ಹಿಂದೆ ಸರಿದು, ಮುಂಬಾಗಿಲಿಗೆ ಸುತ್ತಿ ಬಂದು, ಜೋರಾಗಿ ಕೆಮ್ಮಿದೆ.

ದೇವರೇ, ಎಂಥವಳನ್ನು ಕೊಟ್ಟೆ ನನಗೆ! ಅವಳ ಕಾಲಿಗೆ ಬೀಳೋಣ ಎನಿಸುತ್ತದೆ. ಆದರೆ ಒಂದು ಮಾತಾಡಿದರೂ ಅವ್ವ ನಾಚಿ ಕುಗ್ಗಿಹೋಗುತ್ತಾಳೆ. ದಾನವ್ವ ಇಷ್ಟು ದಿನ ಕಾಯ್ದದ್ದು ಅವ್ವನ ಆ ಮಾನವನ್ನೇ. ಹೀಗಾಗಿ ನನಗೆ ಏನೂ ಗೊತ್ತಿಲ್ಲ, ಎಂದಿಗೂ ಗೊತ್ತಾಗುವುದೂ ಇಲ್ಲ.

ಸಂಜೆ ಕೌದಿಯ ಮೇಲೆ ಬಹಳ ಹೊತ್ತು ಕುಳಿತೆ. "ಅವ್ವಾ, ಇಲ್ಲೆ ಎಂಥಾ ಛಲೋ ವಾಸನಿ ಬರ್ತೈತಿ" ಎಂದೆ.

ಅವ್ವ ಬಾಗಿಲಲ್ಲಿ ನಿಂತಿದ್ದ ಸೊಸೆಯ ಕಡೆ ನೋಡಿ, ಗೆದ್ದವಳ ಹಾಗೆ ನಕ್ಕಳು.