ಸೋತ ಅಪ್ಪನಿಗೆ ಸೂಚಕಿಯ ಉತ್ತರ

ಲೇಡೀಸ್ ಹಾಸ್ಟೆಲ್, ಪುಣೆ
ಜನವರಿ ೨೦೦೭

ನಮ್ಮ ವಾರ್ಡಿನ ಕಾಯಂ ಉಮೇದುವಾರನಾದ ನನ್ನ ಅಪ್ಪನಿಗೆ,

ನಿನ್ನೆ ಫೋನಿನಲ್ಲಿ ನಾನು 'ಹೇಳ್ತೀನಿ' ಎಂದು ಇಟ್ಟುಬಿಟ್ಟೆ. ಪಕ್ಕದಲ್ಲೇ ವಾರ್ಡನ್ ಕೂತಿದ್ದರು, ಹಿಂದೆ ಕ್ಯೂ ಇತ್ತು. ನೀನು ಕೇಳಿದ್ದೂ ನಿಂತ ಕಾಲಲ್ಲಿ ಉತ್ತರಿಸುವಂಥದ್ದಲ್ಲ. ಪ್ರತಿ ಚುನಾವಣೆಯಲ್ಲೂ ನಿನ್ನ ನಾಮಪತ್ರಕ್ಕೆ ಸೂಚಕನಾಗಿ ಸಹಿ ಮಾಡುತ್ತಿದ್ದ ರಾಘಣ್ಣ ಕಾಕಾ ದೊಡ್ಡ ಪಕ್ಷ ಸೇರಿದರು, ನಿನ್ನನ್ನೂ ಕರೆಯುತ್ತಿದ್ದಾರೆ. ಅದಕ್ಕೇ ನೀನು, "ಶನಿವಾರ ನೀ ಬಂದು ಸಹಿ ಮಾಡಿದ್ರ ನಿಂದಿರ್ತೀನವ್ವಾ. ಇಲ್ಲಂದ್ರ ಈ ಸಲಕ್ಕ ಸಾಕು" ಅಂದೆ. ಆಗಿನಿಂದ ನನಗೆ ಪರೀಕ್ಷೆ ದಿನದ ಟೆನ್ಶನ್. ಮತದಾರಳಾಗಿ ಇನ್ನೂ ಒಂದು ವೋಟೂ ಹಾಕಿಲ್ಲ, ಆಗಲೇ ಒಬ್ಬ ಉಮೇದುವಾರನ ಭವಿಷ್ಯ ನನ್ನ ಪೆನ್ನಿನಲ್ಲಿ.

ರೂಮ್‌ಮೇಟ್ ಯಶ್ಮಿತಾಗೆ ಅಪ್ಪ ಪಾಲಿಟಿಕ್ಸ್‌ನಲ್ಲಿದ್ದಾರೆ ಎಂದಿದ್ದೆ. ಅವಳು ಬಿಳಿ ಕಾರು, ಹಿಂದೆ ಮುಂದೆ ಜನ ಎಂದೆಲ್ಲ ಊಹಿಸಿಕೊಂಡಿದ್ದಳು. ನೀನು ದೀಪಾವಳಿಗೆ ನಿನ್ನ ಪುಟ್ಟ ಶ್ರಮಿಕ ಸಮತಾ ಪಕ್ಷದ ಬಾವುಟ ಕಟ್ಟಿದ ಲೂನಾ ಮೇಲೆ, ಹೆಗಲಿಗೆ ರೊಟ್ಟಿ ಗಂಟು ಹಾಕಿಕೊಂಡು ಬಂದೆ. ಆ ಸಂಜೆ ಇಡೀ ರೂಮಿಗೆ ತೊಂಬತ್ತೇಳರ ಚುನಾವಣೆಯ ಕಥೆ ಹೇಳಬೇಕಾಯಿತು. ಆಮೇಲೆ ವಾರಕ್ಕೊಮ್ಮೆ ಆ ಕಥೆಗೇ ಬೇಡಿಕೆ.

ಅದರ ಹಿಂದಿನ ಸಲ ನಿನಗೆ ಗಾಳಿಪಟದ ಚಿಹ್ನೆ ಸಿಕ್ಕಿತ್ತು. ತೊಂಬತ್ತೇಳರಲ್ಲೂ ಅದೇ ಎಂದು ನಂಬಿ ನೀನು, ಚಿಹ್ನೆ ಹಂಚುವುದಕ್ಕೆ ಎರಡು ತಿಂಗಳ ಮೊದಲೇ ಪುಣೆಯ ಆ ತುದಿಯ ನಮ್ಮ ಯೆರವಡಾದ ಗೋಡೆಗೋಡೆಗೂ ಪಟ ಬರೆಸಿದೆ. ಸಣ್ಣ ಪಕ್ಷಕ್ಕೆ ಕಾಯಂ ಚಿಹ್ನೆ ಇರುವುದಿಲ್ಲ ಎಂಬುದನ್ನು ಉಮೇದಿನಲ್ಲಿ ಮರೆತಿದ್ದೆ. ಚೀಟಿ ಎತ್ತಿದಾಗ ಪಟವು ನಿನ್ನ ಎದುರು ನಿಂತಿದ್ದ ಹೋಟೆಲಿನ ದೇವದಾಸ್ ಶೆಟ್ಟರ ಪಾಲಾಯಿತು, ನಿನಗೆ ಹೊಲಿಗೆ ಮಷಿನ್. ಬಣ್ಣ ಮುಗಿದಿತ್ತು. ಮನೆಮನೆಗೆ ಹೋಗಿ ಮಷಿನ್, ಮಷಿನ್ ಎಂದು ಹೇಳಿ ಬಂದೆ. ಎಲ್ಲರೂ ಹೌದ್ರಿ ಹೌದ್ರಿ ಎಂದು ತಲೆಯಾಡಿಸಿ, ನಿನ್ನ ಮೇಲಿನ ಪ್ರೀತಿಯಿಂದಲೇ ಹೋಗಿ ಮತಪತ್ರದಲ್ಲಿ ಪಟದ ಮೇಲೇ ಶಿಕ್ಕಾ ಒತ್ತಿದರು. ಶೆಟ್ಟರು ಗೆದ್ದೇಬಿಟ್ಟರು. ಸಂಜೆ ಅವ್ವನೂ ಒಪ್ಪಿಕೊಂಡಳು: "ಎರಡ ತಿಂಗಳ ಪಟಾ ಪಟಾ ಅಂತ ತಲಿ ತಿಂದ್ರಿ. ಒಳಗ ಹೋದ ಮ್ಯಾಲ ಕೈ ಅಲ್ಲೇ ಹೋತು. ಈಗ ನನ್ನ ಯಾಕ ನೋಡ್ತೀರಿ?"

ನೀನು ಮುನಿಸಿಕೊಳ್ಳುತ್ತೀ ಎಂದು ನಾನು ಅಂದುಕೊಂಡಿದ್ದೆ. ನೀನೋ ಹಾರ ತೆಗೆದುಕೊಂಡು ನೇರ ಹೋಟೆಲಿಗೆ ನಡೆದೆ, ನಾನು ನಿನ್ನ ಬೆರಳು ಹಿಡಿದಿದ್ದೆ. ಶೆಟ್ಟರು ಗಲ್ಲಾಪೆಟ್ಟಿಗೆಯ ಹಿಂದೆ ಬೆವರುತ್ತ, "ನಾನು ಡಿಪಾಸಿಟ್ ಉಳಿದ್ರೆ ಸಾಕು ಅಂತ ನಿಂತದ್ದು ಮಾರಾಯ್ರೇ" ಅಂದರು. ನೀನು ಹಾರ ಹಾಕಿ, "ಕುರ್ಚಿ ನಿಮ್ಮದ್ರಿ ಶೆಟ್ರ, ವೋಟು ನಮ್ಮವು. ನಳ ಎಲ್ಲಿ ಕೂಡ್ರಸಬೇಕಂತ ನಾ ತೋರಸ್ತೀನಿ ಬರ್ರಿ" ಅಂದೆ. ಪಾಪ, ಬಂದರು. ಐದು ವರ್ಷವೂ ಬರುತ್ತಲೇ ಇದ್ದರು. ನಮ್ಮ ಓಣಿಯ ನಳ, ಬೀದಿದೀಪ ಎಲ್ಲ ನೀನು ಸೋತು ತಂದದ್ದೇ.

ಮುಂದಿನ ಸಲ ಕುಕ್ಕರ್ ಚಿಹ್ನೆಯಲ್ಲಿ ಇನ್ನೂ ಜೋರಾಗಿ ಸೋತೆ. ನಾನು ರಜೆಗೆ ಬಂದವಳು, ಸೋಲುವುದೇ ಆದರೆ ಯಾಕೆ ನಿಲ್ಲುತ್ತೀ ಎಂದು ಬೋರ್ಡಿಂಗ್ ಸ್ಕೂಲಿನ ಇಂಗ್ಲಿಷಿನಲ್ಲಿ ಕೇಳಿದೆ. ನೀನು ನಕ್ಕೆ. "ನಾ ನಿಂತಾಗಷ್ಟ ಅವರು ನಮ್ಮ ಓಣಿಗೆ ವೋಟು ಕೇಳಾಕ ಬರ್ತಾರವ್ವಾ. ಬಂದಾಗ ಗಟಾರ ತೋರಸಬಹುದು." ಆಗ ಇದೊಂದು ಜೋಕ್ ಅಂದುಕೊಂಡೆ. ನಿನ್ನೆಯಿಂದ ಯೋಚಿಸಿದರೆ, ಅದೇ ನಿನ್ನ ಪೂರಾ ಪ್ರಣಾಳಿಕೆ. ದೊಡ್ಡ ಪಕ್ಷ ಸೇರಿದರೆ ವೇದಿಕೆಯ ಮೇಲೆ ಕುರ್ಚಿ ಸಿಗುತ್ತದೆ, ನಿಜ. ಆದರೆ ನಿನ್ನ ಎದುರು ವೋಟು ಕೇಳಲು ಓಣಿಗೆ ಯಾರೂ ಬರಬೇಕಾಗುವುದಿಲ್ಲ.

ಆದ್ದರಿಂದ ಶನಿವಾರ ಬರುತ್ತೇನೆ. ಸಹಿ ಹೆಚ್ಚುಕಮ್ಮಿ ಆಗದಿರಲಿ ಎಂದು ಕೆಮಿಸ್ಟ್ರಿ ನೋಟ್ಸಿನ ಹಿಂದೆ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ದಯವಿಟ್ಟು ಹಲಗೆ ಬಾರಿಸುವವರನ್ನು ಕರೆಯಬೇಡ, ಆ ಸದ್ದಿಗೆ ಸಹಿ ಕೆಟ್ಟೀತು. ಚುನಾವಣಾ ಕಚೇರಿಯಿಂದ ಆಚೆ ಬಂದ ಮೇಲೆ ನನ್ನನ್ನು ಮೈಕಿನ ಮುಂದೆ ನಿಲ್ಲಿಸಲೂಬೇಡ. ತೀರಾ ನಿಲ್ಲಿಸಿಯೇಬಿಟ್ಟರೆ ಹೇಳಲು ನಾಲ್ಕು ಸಾಲು ಮರಾಠಿಯಲ್ಲಿ, ನಾಲ್ಕು ಕನ್ನಡದಲ್ಲಿ ಬಾಯಿಪಾಠ ಮಾಡಿಕೊಂಡಿದ್ದೇನೆ.

ಗೆದ್ದು ಬಾ ಅಪ್ಪಾ, ಸೋತರೆ ನಗುತ್ತಾ ಬಾ.

ನಿನ್ನ ಸೂಚಕಿ,
ಭಾಗ್ಯಾ ಹುಸೇನಪ್ಪ