ಕಪ್ಪು ಪರದೆಯ ಮೇಲೆ ಮೂರು ದೂರು

ಸೋಮವಾರ, ಜೂನ್ ೧೨
ಅಂಗಡಿಯ ಹಿಂದಿನ ಕೋಣೆ

ಚಿಕ್ಕವಳಿಗೆ,

ನಲವತ್ತೊಂದು ವರ್ಷದಿಂದ ಈ ಕನ್ನಡಕದಂಗಡಿಯ ಯಜಮಾನಿ, ಹೈಸ್ಕೂಲಿನಾಚೆ ಓದದೆಯೂ ಈ ಬೀದಿಯ ಅರ್ಧ ಜನರ ಕಣ್ಣು ನೋಡಿದವಳು, ನಿನ್ನ ತಾಯಿ ಬರೆಯುತ್ತಿದ್ದೇನೆ. ನಿನ್ನ ಎರಡು ಕಾಗದಗಳಿಗೆ ಉತ್ತರ ಬರೆದಿರಲಿಲ್ಲ. ಕೈನೋವೆಂದು ನೆಪ ಹೇಳಬಹುದು, ಆದರೆ ಕೈ ಗಟ್ಟಿಯಾಗಿಯೇ ಇದೆ. ತಡವಾಯಿತು, ಅಷ್ಟೆ. ನೀನು, ಅಳಿಯಂದಿರು, ಮಗು ಕ್ಷೇಮವೆಂದು ನಂಬಿದ್ದೇನೆ.

ಶುಕ್ರವಾರ ಬೆಳಿಗ್ಗೆ ನಿನ್ನ ಅಣ್ಣ ಒಬ್ಬ ಮಾರಾಟಗಾರನನ್ನು ಕರೆತಂದ. ಅಂಗಡಿಯ ಕಂಪ್ಯೂಟರಿನಲ್ಲಿ ನೀನು ಕೂರಿಸಿಕೊಟ್ಟ ಡಾಸ್ ತೆಗೆದು, ಬಣ್ಣದ ಪರದೆಯ ಹೊಸದನ್ನು ಇಡಬೇಕೆಂದು ಅಣ್ಣನ ಹಟ. ಸಂಜೆಯೊಳಗೆ ನಾನು ಹೂಂ ಅನ್ನಬೇಕಿತ್ತು. ಅಂದಿದ್ದರೆ, ಆಜ್ಞೆ ಬರೆದು ನಡೆಸುವ ನಿನ್ನ ಕಪ್ಪು ಪರದೆ, ನೀನು ವರ್ಷವರ್ಷವೂ ತಿದ್ದಿ ಕಳಿಸಿದ ಕೆಲಸವೆಲ್ಲ, ಗುಜರಿ ಗಾಡಿ ಹತ್ತುತ್ತಿತ್ತು.

ಮಾರಾಟಗಾರ ಅಚ್ಚು ಹಾಳೆಯೊಂದನ್ನು ತೆಗೆದು ದೂರು ಓದಿದ. ಇದರಲ್ಲಿ ಫೈಲಿನ ಹೆಸರು ಎಂಟಕ್ಷರ ದಾಟುವುದಿಲ್ಲವಂತೆ. ನಾನು ಕನ್ನಡಕ ಏರಿಸಿ, ನಮ್ಮಲ್ಲಿ ಗಾಜು ಉಜ್ಜುವಾತನ ಹೆಸರಿಗೆ ಅವನ ಅಪ್ಪನದು, ಅಜ್ಜನದು ಸೇರಿಸಿ ಒಂದೇ ಫೈಲಿಗೆ ಇಟ್ಟೆ. ಪರದೆ ತುಟಿಪಿಟಕ್ಕೆನ್ನದೆ ತೆಗೆದುಕೊಂಡಿತು. ನಮ್ಮ ವಂಶ ಇಷ್ಟುದ್ದ ಅಂತ ಇವತ್ತೇ ಗೊತ್ತಾಯ್ತು ಎಂದು ಗಾಜು ಉಜ್ಜುವಾತ ನಕ್ಕ. ದೊಡ್ಡ ಡಿಸ್ಕ್ ಇದಕ್ಕೆ ಕಾಣುವುದಿಲ್ಲವೆಂಬುದು ಎರಡನೆಯ ದೂರು. ಹೋದ ವರ್ಷ ನೀನು ಕಳಿಸಿದ ದೊಡ್ಡ ಡಿಸ್ಕನ್ನೇ ತೋರಿಸಿದೆ. ಎಲ್ಲರ ಕಣ್ಣಿನ ಚೀಟಿಗಳೂ ಅದರೊಳಗಿವೆ, ಮುಕ್ಕಾಲು ಭಾಗ ಇನ್ನೂ ಖಾಲಿ. ಆಮೇಲೆ ಹಾಳೆ ಕಿತ್ತುಕೊಂಡು ತಾರೀಖು ನೋಡಿದೆ.

"ಇದು ಅಚ್ಚಾದಾಗ ನೀವು ಎಷ್ಟನೇ ಕ್ಲಾಸು?"

ಅವನು ಬೆರಳೆಣಿಸಿ, ಎರಡನೆಯದು ಅಂದ.

"ನೀವು ಬೆಳೆದಿರಲ್ಲ, ಇದೂ ಬೆಳೆದಿದೆ."

ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತದೆ ಎಂಬ ಮೂರನೆಯ ದೂರು ನಿಜ. ಒಪ್ಪಿಕೊಂಡೆ. "ಕಣ್ಣನ್ನೂ ನಾನು ಒಂದೊಂದಾಗೇ ನೋಡೋದು. ಎರಡೂ ಒಟ್ಟಿಗೆ ನೋಡಿದ್ರೆ ಕುಂದು ಯಾವುದರದು ಅಂತ ತಿಳಿಯಲ್ಲ."

ನಿನ್ನ ಅಣ್ಣ ಬಿಡಲಿಲ್ಲ. ಮಾತು ಬೇಡಮ್ಮ, ಕೆಲಸ ನೋಡೋಣ ಅಂದ. ಅಷ್ಟರಲ್ಲಿ ನಮ್ಮ ಹಳೆಯ ಗಿರಾಕಿ, ಬಸ್ಸಿನ ಡ್ರೈವರೊಬ್ಬರು ಒಡೆದ ಕನ್ನಡಕ ಹಿಡಿದು ಬಂದರು, ಮಧ್ಯಾಹ್ನದ ಗಾಡಿ ಅವರದೇ. ಮಾರಾಟಗಾರ ಆಗಲೇ ನಮ್ಮ ಚೀಟಿಗಳನ್ನು ತನ್ನ ಯಂತ್ರಕ್ಕೆ ನಕಲು ಮಾಡಿಕೊಂಡಿದ್ದ. ಅದು ಅಂದದ ಅಕ್ಷರದಲ್ಲಿ ನಾಲ್ಕೂವರೆ ಎಂದು ತೋರಿಸಿತು.

"ಉಬ್ಬು ಗಾಜೋ, ತಗ್ಗು ಗಾಜೋ?" ಗಾಜು ಉಜ್ಜುವಾತ ಕೇಳಿದ.

ಮಾರಾಟಗಾರ ತನ್ನ ಪರದೆಯನ್ನು ಮೇಲೆ ಕೆಳಗೆ ಓಡಿಸಿ ಹುಡುಕಿದ. ನಕಲಿನ ಭರದಲ್ಲಿ ಎಲ್ಲರ ಗುರುತುಗಳು, ಉಬ್ಬಿಗೆ ಪ್ಲಸ್, ತಗ್ಗಿಗೆ ಮೈನಸ್, ಉದುರಿಹೋಗಿದ್ದವು. ಮೈನಸ್ ಕಣ್ಣಿಗೆ ಪ್ಲಸ್ ಗಾಜು ಹಾಕಿ ಕಳಿಸಿದ್ದರೆ ಆ ಡ್ರೈವರಿಗೆ ಎದುರಿನ ಲಾರಿಯೂ ಬರೀ ಮಂಜು. ನಿನ್ನ ಪರದೆಯಾದರೋ ಗುರುತು ಒತ್ತದೆ ಮುಂದಕ್ಕೆ ಬಿಡುವುದೇ ಇಲ್ಲ. ಡ್ರೈವರ್ ಹೆಸರು ಬರೆದು ಒತ್ತಿದೆ. ಮೈನಸ್ ನಾಲ್ಕೂವರೆ.

ಗಂಟೆಯೊಳಗೆ ಡ್ರೈವರ್ ಹೊಸ ಕನ್ನಡಕ ಹಾಕಿಕೊಂಡು ನಮ್ಮ ಬಾಗಿಲಲ್ಲಿ ನಿಂತು, ಎದುರಂಗಡಿಯ ಬೋರ್ಡನ್ನು ಫೋನ್ ನಂಬರಿನ ತನಕ ಗಟ್ಟಿಯಾಗಿ ಓದಿದರು. ಬೀದಿಯವರು ನಿಂತು ನೋಡಿದರು. ಮಾರಾಟಗಾರ ಟೀ ಕೂಡ ಕುಡಿಯದೆ ಹೊರಟ. ನಿನ್ನ ಅಣ್ಣ ತಲೆ ಕೆರೆದುಕೊಂಡು, ಚಿಕ್ಕವಳು ದೂರದಿಂದಲೇ ಹೊಡೆದಳಲ್ಲ ಅಂದ. ನನಗೆ ಎದೆಯುಬ್ಬಿ ರವಿಕೆ ಬಿಗಿಯಾಯಿತು.

ಮಗುವಿಗೆ ನನ್ನ ಮುತ್ತು. ನಿನ್ನ ಕೈಗೆ ಎಂದೂ ಸೋಲು ಬಾರದಿರಲಿ.

ನಿನ್ನ ಅಮ್ಮ

ಸಹಿಯಾದ ಮೇಲೆ: ಇದು ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಉಳಿದದ್ದು. ಆ ಮೊದಲ ಎರಡು ದೂರುಗಳನ್ನು ಹದಿನೆಂಟು ವರ್ಷದ ಹಿಂದೆ ಕೆಲಸಗಾರರೆದುರು ಹೇಳಿದವಳು ನಾನೇ. ಅವನ್ನೇ ನೆಪಮಾಡಿ, ಅಂಗಡಿ ನಿನ್ನ ಕೈಗಲ್ಲ, ಅಣ್ಣನ ಕೈಗೆ ಅಂದೆ. ನೀನು ಮನೆ ಬಿಟ್ಟೆ. ಅದೇ ವರ್ಷ ಆ ಎರಡು ಕುಂದನ್ನೂ ನೀನೇ ಸರಿಮಾಡಿ ಕಳಿಸಿದೆ. ನಾನು ನೋಡಿದೆ, ದಿನವೂ ಬಳಸಿದೆ, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇವತ್ತು ನಿನ್ನ ಅಣ್ಣನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಎಲ್ಲ ಕೆಲಸಗಾರರೆದುರು, ಅಂದು ನಾನು ಮಾಡಿದ್ದು ತಪ್ಪು ಅಂದೆ. ಅಲ್ಲಿಂದ ನೇರ ವಕೀಲರ ಕಚೇರಿಗೆ ಹೋಗಿ ಅಂಗಡಿಯ ಅರ್ಧ ಯಜಮಾನಿಕೆಯನ್ನು ನಿನ್ನ ಹೆಸರಿಗೆ ಬರೆದು ಸಹಿ ಹಾಕಿದ್ದೇನೆ. ಪತ್ರ ಈ ಲಕೋಟೆಯಲ್ಲೇ ಇದೆ.