ಸಿಕ್ಕ ಕ್ರಮದಲ್ಲಿ

ಮನೆ, ಮೇಲಿನ ಕೋಣೆ
ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಮಗಳೇ,

ಸೊಸೆ ಎಂದು ಬರೆಯಲು ಹೊರಟು ಪೆನ್ನು ನಿಂತಿತು. ಹೋದ ತಿಂಗಳು ನೀನೂ ನನ್ನ ಮಗನೂ ಸಹಿ ಹಾಕಿದ ಮೇಲೆ ಆ ಪದ ಸಲ್ಲುವುದಿಲ್ಲ ಎಂದು ವಕೀಲರ ಅಭಿಪ್ರಾಯ. ಮಗಳು ಎನ್ನುವುದಕ್ಕೆ ಯಾರ ಸಹಿಯೂ ಬೇಡ, ಆದ್ದರಿಂದ ಅದನ್ನೇ ಬರೆದಿದ್ದೇನೆ. ನಿನ್ನ ಕುತ್ತಿಗೆ ನೋವು ಹೇಗಿದೆ? ಕಟ್ಟಡದ ನಕ್ಷೆ ಬಿಡಿಸುವವರಿಗೆ ಅದು ಬಂದೇ ಬರುತ್ತದೆ ಎಂದು ನೀನು ಹೇಳುತ್ತಿದ್ದೆ. ಆದರೂ ಹೊಸ ಮನೆಯಲ್ಲಿ ಮೇಜು ಎಷ್ಟು ಎತ್ತರವಿದೆಯೋ, ಬೆಳಕು ಯಾವ ಕಡೆಯಿಂದ ಬೀಳುತ್ತದೆಯೋ ಎಂದು ನನಗೊಂದು ಯೋಚನೆ. ಮೂರನೆಯ ಮಹಡಿಗೆ ನೀರು ಸರಿಯಾಗಿ ಏರುತ್ತದೆಯೇ? ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ಅತ್ತೆಗೆ ಮೆಟ್ಟಿಲು ಹತ್ತುವಾಗಿನದಕ್ಕಿಂತ ಇಳಿಯುವಾಗ ಮಂಡಿ ಹೆಚ್ಚು ನೋಯುತ್ತದೆ. ಹೀಗಾಗಿ ಒಮ್ಮೆ ಮೇಲೆ ಬಂದವಳು ಇಳಿಯಲು ಮನಸ್ಸು ಮಾಡದೆ, ನನ್ನ ಪಕ್ಕದಲ್ಲೇ ಕೂತು ನನ್ನನ್ನು ಬೈಯುತ್ತಾಳೆ. ನನ್ನ ಬಲಗೈ ನಡುಕ ಮೊದಲಿಗಿಂತ ಸ್ವಲ್ಪ ಜಾಸ್ತಿಯಾಗಿದೆ, ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಏನು ಹೇಳಿದರೂ ನೀನು ತಕ್ಷಣ "ಸರಿ ಮಾವ" ಎಂದುಬಿಡುತ್ತೀಯ. ಇದು ಹಾಗೆ ಒಪ್ಪಿಕೊಳ್ಳುವ ವಿಷಯವಲ್ಲ. ಇಲ್ಲ ಎನ್ನಲು ನಿನಗೆ ಸಮಯ ಸಿಗಲಿ ಎಂದೇ ಕಾಗದ ಬರೆಯುತ್ತಿದ್ದೇನೆ.

ವಿಷಯ ನಮ್ಮ ಪ್ರೊಸೆಸರುಗಳದ್ದು. ಹೋದ ಶನಿವಾರ ಅವುಗಳನ್ನು ನೋಡಲು ಒಬ್ಬ ವ್ಯಾಪಾರಿ ಬಂದಿದ್ದ. ಹಳೆಯ ಕಂಪ್ಯೂಟರುಗಳ ಭಾಗಗಳನ್ನು ಕೊಂಡು, ಅವನ್ನು ಸಂಗ್ರಹಿಸುವ ಹುಚ್ಚಿರುವವರಿಗೆ ಮಾರುವುದು ಅವನ ಕಸುಬು. ಬಂದವನೇ ಜೇಬಿನಿಂದ ಬಿಳಿ ಕೈಗವಸು ತೆಗೆದು ಹಾಕಿಕೊಂಡ. ಅದನ್ನು ಕಂಡು ನಿನ್ನ ಅತ್ತೆ ನನ್ನ ಕಿವಿಯ ಹತ್ತಿರ ಬಂದು, "ರೀ, ಡಾಕ್ಟರನ್ನ ಯಾಕೆ ಕರೆಸಿದ್ರಿ, ನಿಮ್ಮ ಜಿರಳೆಗಳಿಗೆ ಹುಷಾರಿಲ್ವಾ?" ಎಂದಳು. ಅವುಗಳ ಸಾಲು ಸಾಲು ಪಿನ್ನುಗಳ ಕಾಲು ಕಂಡಂದಿನಿಂದ ಅವಳಿಗೆ ಅವು ಜಿರಳೆಗಳೇ. ಅಂದಿನಿಂದ ನಾವು ಅವನನ್ನು ಕೈಗವಸು ಎಂದೇ ಕರೆಯುತ್ತಿದ್ದೇವೆ.

ಕೈಗವಸು ಮೊದಲಿನಿಂದ ಕೇಳಿದ, ನಾನೂ ಮೊದಲಿನಿಂದ ಹೇಳಿದೆ. ನಿನಗೆ ಗೊತ್ತಿರುವುದೇ, ಆದರೂ ಅವನಿಗೆ ಏನು ಹೇಳಿದೆ ಎಂಬುದು ನಿನಗೆ ತಿಳಿದಿರಬೇಕು. ವಿಮಾ ಕಚೇರಿಯ ನೆಲಮಾಳಿಗೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದೆ. ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವ ದಿನ ಮೇಲಧಿಕಾರಿಯನ್ನು ಕೇಳಿ ಪ್ರೊಸೆಸರನ್ನು ಮಾತ್ರ ಕಿತ್ತಿಟ್ಟುಕೊಳ್ಳುತ್ತಿದ್ದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ವರ್ಷಗಟ್ಟಲೆ ಒಂದೇ ಯಂತ್ರದ ಹೊಟ್ಟೆ ಬಿಚ್ಚಿ ಮುಚ್ಚಿದವನಿಗೆ ಅದರ ಗುಂಡಿಗೆಯನ್ನು ತೂಕಕ್ಕೆ ಹಾಕಲು ಮನಸ್ಸು ಬರುವುದಿಲ್ಲ, ಅಷ್ಟೆ. ನಿವೃತ್ತನಾದ ಮೇಲೆ ಅವು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ನೀನು ಈ ಮನೆಗೆ ಬಂದ ಹೊಸತರಲ್ಲಿ ಸೂಜಿದಾರದ ಡಬ್ಬಿ ಎಂದುಕೊಂಡು ಅದನ್ನು ತೆಗೆದೆ. ನಾನು ಬಾಗಿದ ಪಿನ್ನುಗಳನ್ನು ಚಾಕುವಿನ ತುದಿಯಿಂದ ನೆಟ್ಟಗೆ ಮಾಡಲು ಹೋಗಿ ಮುರಿಯುತ್ತಿದ್ದುದನ್ನು ನೋಡಿ, "ಮಾವ, ಒಂದ್ನಿಮಿಷ ಇರಿ" ಎಂದು ನಿನ್ನ ಪೆನ್ ಪೆನ್ಸಿಲ್ ತಂದೆ. ಕಡ್ಡಿ ತೆಗೆದ ಅದರ ಖಾಲಿ ಲೋಹದ ಮೂತಿಯನ್ನು ಬಾಗಿದ ಪಿನ್ನಿಗೆ ಟೋಪಿಯಂತೆ ತೊಡಿಸಿ ಮೆಲ್ಲಗೆ ಎತ್ತಿದೆ. ಪಿನ್ನು ಎದ್ದು ನಿಂತಿತು. ಆ ಕೆಲಸದಲ್ಲೇ ಜೀವನ ಸವೆಸಿದ ನನಗೆ ಅದು ಹೊಳೆದಿರಲಿಲ್ಲ. ಇದನ್ನೂ ಅವನಿಗೆ ಹೇಳಿದೆ. ಕೈಗವಸು ನಕ್ಕು, ತಾನೂ ಹಾಗೇ ಮಾಡುವುದು ಎಂದ.

ಆಮೇಲೆ ಭಾನುವಾರಗಳು ಗುಜರಿ ಅಂಗಡಿಗೆ ಮೀಸಲಾದವು. ನೀನು ಒಂದು ನಿಯಮ ಮಾಡಿದೆ: ಪ್ರೊಸೆಸರುಗಳನ್ನು ತಟ್ಟೆಗಳಲ್ಲಿ ಸಿಕ್ಕ ಕ್ರಮದಲ್ಲೇ ಜೋಡಿಸಬೇಕು, ಚೀಟಿ ಅಂಟಿಸಬಾರದು. ನಾನು ಆಕ್ಷೇಪಿಸಿದಾಗ, "ಚೀಟಿ ಇದ್ರೆ ನಾವು ನೆನಪಿಟ್ಕೊಳ್ಳೋದನ್ನ ಬಿಟ್ಬಿಡ್ತೀವಿ ಮಾವ" ಎಂದೆ. ಹಾಗಾಗಿ ನಮ್ಮ ತಟ್ಟೆಗಳಲ್ಲಿ ಬೆಲೆಬಾಳುವ ಬಿಳಿ ಸೆರಾಮಿಕ್ಕಿನ ಪಕ್ಕದಲ್ಲಿ ಯಾರಿಗೂ ಬೇಡದ ಕಪ್ಪು ಪ್ಲಾಸ್ಟಿಕ್ಕಿನದು ಕೂತಿರುತ್ತಿತ್ತು. ಬೇರೆಯವರ ಕಣ್ಣಿಗೆ ಅದು ಗೊಂದಲ. ನಮಗೆ ಇದು ಮುಚ್ಚಿದ ಮುದ್ರಣಾಲಯದ್ದು, ಇದು ಕಣ್ಣಿನ ಆಸ್ಪತ್ರೆಯ ರಸೀದಿ ಬರೆಯುತ್ತಿದ್ದ ಯಂತ್ರದ್ದು, ಇದು ರೈಲ್ವೆ ಗುಮಾಸ್ತರು ಟೀ ಚೆಲ್ಲಿದ ಯಂತ್ರದ್ದು ಎಂದು ಬೆರಳಿಟ್ಟು ಓದುವಷ್ಟು ಸಲೀಸು.

ಈಗ ಆದದ್ದನ್ನು ಹೇಳಬೇಕು. ಕೈಗವಸು ಬರುವ ಹಿಂದಿನ ದಿನ ನಾನೂ ನಿನ್ನ ಅತ್ತೆಯೂ ಮಂಡಿ ತೋರಿಸಲು ಹೋಗಿದ್ದೆವು. ಬರುವಷ್ಟರಲ್ಲಿ ನನ್ನ ಮಗ ಮೇಲಿನ ಕೋಣೆಯಲ್ಲಿ ಅಷ್ಟೂ ತಟ್ಟೆಗಳನ್ನು ಮೇಜಿನ ಮೇಲೆ ಇಳಿಸಿ, ಪ್ರತಿಯೊಂದನ್ನೂ ತೆಗೆದು, ಮಾದರಿ ಸಂಖ್ಯೆಯ ಪ್ರಕಾರ ಮತ್ತೆ ಜೋಡಿಸಿಟ್ಟಿದ್ದ. ಗೋದಾಮಿನಲ್ಲಿ ಸಾಮಾನು ಒಪ್ಪ ಮಾಡುವುದೇ ಅವನ ಉದ್ಯೋಗ. ಕ್ರಮ ತಪ್ಪಿದ್ದು ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. "ನೋಡಿ ಅಪ್ಪ, ಈಗ ಒಂದು ಶಿಸ್ತಿದೆ" ಎಂದ. ಅವನ ಮುಖ ಹಾಗೆ ಅರಳಿದ್ದು ಕಂಡು ಬಹಳ ದಿನವಾಗಿತ್ತು. ಚೆನ್ನಾಗಿದೆ ಎಂದೆ. ಬೇರೇನು ಹೇಳಲಿ? ರಾತ್ರಿ ಊಟದ ಹೊತ್ತಿಗೆ ಅತ್ತೆ ನನ್ನ ಮುಖ ನೋಡಿ ವಿಷಯ ಬಿಡಿಸಿಕೊಂಡಳು. ಮಗ ಊಟದ ತಟ್ಟೆಯಿಂದ ಕೈ ತೆಗೆದು, "ಯಾರಾದ್ರೂ ಒಂದು ಮಾತು ಹೇಳಿದ್ರೆ ತಾನೇ ನಂಗೆ ಗೊತ್ತಾಗೋದು" ಎಂದ. ಅದು ನಿಜ. ನಾವಿಬ್ಬರೂ ಅವನಿಗೆ ಹೇಳಿರಲಿಲ್ಲ. ಅವನು ಬರೀ ತಟ್ಟೆಗಳ ಬಗ್ಗೆ ಹಾಗೆಂದನೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ನಿಮ್ಮಿಬ್ಬರ ನಡುವೆ ನಡೆದದ್ದರಲ್ಲಿ ನಾನು ಯಾವತ್ತೂ ಕೈ ಹಾಕಿಲ್ಲ. ಇಬ್ಬರೂ ಒಳ್ಳೆಯವರು, ಒಂದೇ ಮನೆಯಲ್ಲಿ ಒಟ್ಟಿಗೆ ಒಳ್ಳೆಯವರಾಗಿರಲು ಆಗಲಿಲ್ಲ ಎಂದು ತಿಳಿದುಕೊಂಡು ಸುಮ್ಮನಿದ್ದೇನೆ.

ಬಹುಪಾಲು ಪ್ರೊಸೆಸರುಗಳು ಎಲ್ಲಿಂದ ಬಂದವು ಎಂದು ನಾನೇ ಗುರುತು ಹಿಡಿದೆ. ಕೆಲವು ಉಳಿದವು. ಉಳಿದವೆಲ್ಲ ನಾನು ಜ್ವರದಲ್ಲಿ ಮಲಗಿದ್ದ ಆ ತಿಂಗಳು ನೀನೊಬ್ಬಳೇ ಹೋಗಿ ಊಟದ ಡಬ್ಬಿಯಲ್ಲಿ ತಂದವು. ನೀನು ಹಾಸಿಗೆಯ ಪಕ್ಕ ಕೂತು ಒಂದೊಂದರದೂ ಹೇಳಿದ್ದೆ, ನಾನು ಹೂಂಗುಟ್ಟಿದ್ದೆ. ಜ್ವರ ಬಿಟ್ಟಾಗ ನಿನ್ನ ಧ್ವನಿ ನೆನಪಿತ್ತು, ಹೇಳಿದ್ದು ನೆನಪಿರಲಿಲ್ಲ. ಮರುದಿನ ಬಂದ ಕೈಗವಸು ಎಲ್ಲ ಬಿಟ್ಟು ಅವುಗಳಲ್ಲೇ ಒಂದನ್ನು ಎತ್ತಿದ. ಬಿಳಿ ಸೆರಾಮಿಕ್ಕಿನ ಮೈ, ಚಿನ್ನದ ಬಣ್ಣದ ಮುಚ್ಚಳ, ಒಂದು ಮೂಲೆ ಸ್ವಲ್ಪ ಮಸಿಯಾಗಿರುವುದು. ಕಿಟಕಿಯ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದ. "ಇದು ಎಲ್ಲಿಂದ ಬಂತು ಸಾರ್? ಇದರ ಕಥೆ ಗೊತ್ತಿದ್ರೆ ಒಂದು ಬೆಲೆ, ಗೊತ್ತಿಲ್ಲದಿದ್ರೆ ಇನ್ನೊಂದು ಬೆಲೆ" ಎಂದ. ನಾನು ಯೋಚಿಸದೆ, ನನ್ನ ಸೊಸೆಗೆ ಗೊತ್ತು ಎಂದೆ. "ಹಾಗಾದ್ರೆ ಅವರನ್ನ ಕರೀರಿ" ಎಂದ. ಅತ್ತೆ ಟೀ ಲೋಟವನ್ನು ಅವನ ಮುಂದೆ ಇಡಲು ಬಗ್ಗಿದವಳು ಹಾಗೇ ನಿಂತಳು. ಬಾಗಿಲ ಬಳಿ ನಿಂತಿದ್ದ ಮಗ, "ಅವಳು ಇಲ್ಲಿಲ್ಲ" ಎಂದ. "ಪರವಾಗಿಲ್ಲ, ಯಾವಾಗ ಬರ್ತಾರೆ?" ಎಂದು ಕೈಗವಸು ಮತ್ತೆ ಕೇಳಿದ, ಪಾಪ, ಅವನಿಗೇನು ಗೊತ್ತು. ಅತ್ತೆ ಲೋಟವನ್ನು ಅವನ ಮುಂದಿಟ್ಟು, "ಟೀ ಆರ್ತಾ ಇದೆ, ಕುಡೀರಿ" ಎಂದಳು.

ಒಟ್ಟಿಗೆ ಕೊಳ್ಳುವುದಾದರೆ ಅವನು ಹೇಳಿದ ಬೆಲೆ ಸಣ್ಣದಲ್ಲ. ಅದನ್ನು ಕೇಳಿ ನಿನ್ನ ಅತ್ತೆ ಆ ದಿನದ ಮಟ್ಟಿಗೆ ಜಿರಳೆ ಎನ್ನುವುದನ್ನು ನಿಲ್ಲಿಸಿದಳು. ಮುಂದೆ ಏರುತ್ತದೆಯೇ ಎಂದು ನಾನು ಕೇಳಿದೆ. "ಚಿನ್ನಕ್ಕೋಸ್ಕರ ಇವನ್ನ ದಿನಾ ಮೂಟೆಗಟ್ಟಲೆ ಕರಗಿಸ್ತಿದಾರೆ ಸಾರ್. ಅವರು ಕರಗಿಸಿದಷ್ಟೂ ಉಳಿದದ್ದರ ಬೆಲೆ ಏರತ್ತೆ. ಹದಿನೈದು ವರ್ಷ ಇಟ್ಕೊಳ್ಳೋರು ಗೆದ್ರು" ಎಂದ. "ಹಾಗಿದ್ರೆ ನೀವ್ಯಾಕೆ ಈಗಲೇ ಕೊಳ್ತೀರಿ?" ಎಂದು ಅತ್ತೆ. "ಅದಕ್ಕೇ ಕೊಳ್ತಿರೋದು ಅಮ್ಮ" ಎಂದು ಅವನು. ಅವನು ಹೋದ ಮೇಲೆ ಅತ್ತೆ, "ಇವರು ಹದಿನೈದು ವರ್ಷ ಅದನ್ನ ಇಟ್ಕೋಬೇಕಂತೆ. ಇವರನ್ನ ಯಾರು ಇಟ್ಕೋತಾರೆ?" ಎಂದು ಗೋಡೆಗೆ ಹೇಳಿದಳು.

ಆಮೇಲೆ ಒಬ್ಬನೇ ಕೂತು ಯೋಚಿಸಿದೆ. ಅವನ ಮಾತು ಅರ್ಧ ಮಾತ್ರ ಸರಿ. ಇವನ್ನು ಹುಡುಕಿಕೊಂಡು ಬರುವವರೆಲ್ಲ ಚಿಕ್ಕವಯಸ್ಸಿನಲ್ಲಿ ಆ ಯಂತ್ರಗಳ ಮುಂದೆ ಕೂತವರು. ಅವರೂ ಹೋದ ಮೇಲೆ? ಒಂದು ಕಾಲದಲ್ಲಿ ಇದು ಇಡೀ ಕಚೇರಿಯ ಲೆಕ್ಕ ಹಾಕುತ್ತಿತ್ತು, ಈಗ ನಾವು ಕೂತು ಇದರ ಲೆಕ್ಕ ಹಾಕುತ್ತಿದ್ದೇವೆ. ಮುಂದೆ ಆ ಲೆಕ್ಕವನ್ನೂ ಯಾರೂ ಹಾಕದೇ ಇರಬಹುದು. ಬೆಲೆ ಏರಬೇಕಾದರೆ ವಸ್ತು ಉಳಿದರೆ ಸಾಲದು, ಅದು ಬೇಕು ಎನ್ನುವವರೂ ಎಲ್ಲೋ ಉಳಿದಿರಬೇಕು. ಉಳಿಸುವುದೂ ಸುಮ್ಮನೆ ಆಗುವುದಿಲ್ಲ. ತಟ್ಟೆಯಲ್ಲಿ ಪಿನ್ನು ಚುಚ್ಚಿ ನಿಲ್ಲಿಸುವ ಕಪ್ಪು ಸ್ಪಂಜು ಹಳೆಯದಾದರೆ ಪುಡಿಯಾಗಿ ಪಿನ್ನನ್ನೇ ತಿನ್ನುತ್ತದೆ, ಕೆಲವುಗಳಲ್ಲಿ ಈಗಲೇ ಶುರುವಾಗಿದೆ. ಒಂದು ತಟ್ಟೆಯ ಸ್ಪಂಜನ್ನು ನಾನೇ ಬದಲಾಯಿಸಲು ಹೋದೆ. ಪೆನ್ ಪೆನ್ಸಿಲಿನ ಮೂತಿ ಬಾಗಿದ ಪಿನ್ನಿಗೆ ಕೂರುವ ಮೊದಲೇ ಕೈ ಜಾರಿ ಒಂದು ಪಿನ್ನು ಮುರಿಯಿತು. ಮುದ್ರಣಾಲಯದ್ದು. ಅಲ್ಲಿಗೆ ನಿಲ್ಲಿಸಿದೆ.

ಮಗ ಮಾರಿಬಿಡಿ ಎನ್ನುತ್ತಾನೆ. ಸಿಟ್ಟಿನಿಂದಲ್ಲ, ಜಾಗ ಖಾಲಿಯಾಗಲಿ ಎಂದೂ ಅಲ್ಲ, ನನ್ನ ಕೈ ನೋಡಿ. ಅವನ ಮಾತಿನಲ್ಲಿ ಅರ್ಥವಿದೆ. ಆದರೆ ಇದರಲ್ಲಿ ಅರ್ಧ ನಿನ್ನದು, ಅದನ್ನು ನಾನು ಅವನಿಗೂ ಹೇಳಿದ್ದೇನೆ, ಅವನೂ ಹೌದು ಎಂದಿದ್ದಾನೆ. ಮಾರಿದರೆ ಅರ್ಧ ನಿನಗೆ ಬರುತ್ತದೆ, ವಕೀಲರಿಗೂ ತಕರಾರಿಲ್ಲ. ಇಟ್ಟುಕೊಳ್ಳುವುದಾದರೆ ಸರಿಯಾದ ಎರಡು ಕೈ ಬೇಕು, ಅವು ನನ್ನವಲ್ಲ. ಎರಡರಲ್ಲಿ ಯಾವುದು ಎಂದು ನೀನು ಹೇಳಬೇಕು. ತಿಂಗಳ ಕೊನೆಗೆ ಕೈಗವಸು ಮತ್ತೆ ಬರುತ್ತಾನೆ. ಅಷ್ಟರೊಳಗೆ, ಜ್ವರದ ತಿಂಗಳಿನವು ಎಲ್ಲಿಂದ ಬಂದವು ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಹಾಕಿದರೂ ಆದೀತು, ಅದಕ್ಕಾಗಿ ನೀನು ಬರಬೇಕೆಂದು ನಾನು ಕೇಳುತ್ತಿಲ್ಲ. ಗುಜರಿ ಅಂಗಡಿಯವನು ಕೂಡ ಮೊನ್ನೆ ತಡೆದು, "ಅಕ್ಕ ಬರಲ್ವಾ ಸಾರ್? ಒಂದು ಮೂಟೆ ತೆಗೆದಿಟ್ಟಿದೀನಿ, ನಿಮಗೆ ತೋರಿಸಲ್ಲ, ಅವರೇ ಬರ್ಲಿ" ಎಂದ. ಇಷ್ಟು ವರ್ಷದ ಗಿರಾಕಿ ನಾನು, ನನಗೆ ಮರ್ಯಾದೆ ಅಷ್ಟು. ಅವನಿಗೂ ಏನೂ ಹೇಳಲಿಲ್ಲ, ಕೆಲಸ ಜಾಸ್ತಿ ಎಂದೆ.

ಕೆಲಸ ನಿಜವಾಗಿಯೂ ಜಾಸ್ತಿ ಮಾಡಿಕೊಳ್ಳಬೇಡ. ನಡುನಡುವೆ ಎದ್ದು ಕುತ್ತಿಗೆ ತಿರುಗಿಸು. ನಿನ್ನ ಅತ್ತೆ ನಿನ್ನನ್ನು ಕೇಳಿದಳು ಎಂದು ಬರೆಯಲು ಹೇಳಿಲ್ಲ, ಆದರೆ ನಾನು ಬರೆಯುತ್ತಿರುವಷ್ಟು ಹೊತ್ತೂ ಕೆಳಗಿಳಿಯದೆ ಇಲ್ಲೇ ಕೂತಿದ್ದಾಳೆ. ನಿನ್ನ ಕೈ ಎಳೆಯುವ ಗೆರೆ ನೆಟ್ಟಗಿರಲಿ, ನಿನ್ನ ಮನೆಯಲ್ಲಿ ಬೆಳಕಿರಲಿ.

ಇಷ್ಟನ್ನು ಹಾರೈಸುವ,
ನಿನ್ನ ಮಾವ

ಆಮೇಲೆ ಸೇರಿಸಿದ್ದು: ಲಕೋಟೆ ಅಂಟಿಸಲು ಹೊರಟಾಗ ಮಗ ಕೆಲಸಕ್ಕೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದವನು ವಿಳಾಸ ನೋಡಿದ. "ಬರೋಕೆ ಹೇಳಿದೀರಾ?" ಎಂದ. ಇಲ್ಲ, ಕಾರ್ಡಿನಲ್ಲಿ ಬರೆದು ಕಳಿಸಲು ಹೇಳಿದ್ದೇನೆ ಎಂದೆ. "ಅದೆಲ್ಲ ಕಾರ್ಡಲ್ಲಿ ಹಿಡಿಯತ್ತಾ ಅಪ್ಪ? ಭಾನುವಾರ ನಂಗೆ ಗೋದಾಮಲ್ಲಿ ಕೆಲಸ ಇರತ್ತೆ, ಬೆಳಗ್ಗೆ ಹೋದ್ರೆ ಸಂಜೆಗೇ ಬರೋದು ಅಂತ ಬರೀರಿ" ಎಂದ. ಭಾನುವಾರ ಗೋದಾಮು ಮುಚ್ಚಿರುತ್ತದೆ, ಅದು ನಿನಗೂ ಗೊತ್ತು. ಯಾವ ಭಾನುವಾರ ಎಂದು ಕೇಳಿದೆ. ಅವನು ತಲೆ ಎತ್ತದೆ ಲೇಸು ಬಿಗಿಯುತ್ತ, "ಎಲ್ಲ ಭಾನುವಾರ" ಎಂದ.